ಮೆರಾಪಿ ಅಂದ್ರೆ ಏನು?

ಮೇರು ಅಂದ್ರೆ ಬೆಟ್ಟ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ? ಅದೇ ಮೇರು ಇಂಡೋನೇಷ್ಯಾದ ಜಾವಾ ದ್ವೀಪದ ಒಂದು ಜ್ವಾಲಾಮುಖಿಯ ಹೆಸರಲ್ಲೂ ಇದೆ. ಮೆರಾಪಿಯನ್ನು ಸಾಮಾನ್ಯವಾಗಿ 'ಮೇರು' ಮತ್ತು 'ಅಪಿ' ಎಂದು ಬಿಡಿಸುತ್ತಾರೆ. ಅಪಿ ಅಂದರೆ ಅಲ್ಲಿನವರ ಮಾತಲ್ಲಿ ಬೆಂಕಿ. ಬೆಂಕಿ ಬೆಟ್ಟ. (ಸುಮಾತ್ರಾದಲ್ಲಿ ಮರಾಪಿ ಅಂತ ಇನ್ನೊಂದು ಜ್ವಾಲಾಮುಖಿ ಇದೆ. ಸುದ್ದಿ ಓದುವಾಗ ಎರಡನ್ನೂ ಒಂದೇ ಅಂದುಕೊಳ್ಳಬೇಡಿ.)

ಯೋಗ್ಯಕರ್ತ ನಗರದಿಂದ ಉತ್ತರಕ್ಕೆ ಸುಮಾರು 30 ಕಿ.ಮೀ. ಹೋದರೆ ಮೆರಾಪಿ. ಎತ್ತರ 2,900 ಮೀಟರ್‌ಗಿಂತ ಜಾಸ್ತಿ. ಇಂಥ ಬೆಟ್ಟಕ್ಕೆ ವಿಜ್ಞಾನಿಗಳು ಸ್ಟ್ರಾಟೋವಾಲ್ಕೇನೋ ಅಂತಾರೆ. ಲಾವಾ ಒಂದು ಪದರ, ಬೂದಿ ಒಂದು ಪದರ, ಮತ್ತೆ ಲಾವಾ, ಹೀಗೆ ಸಾವಿರಾರು ವರ್ಷ ಒಂದರ ಮೇಲೊಂದು ಕೂತು ಎದ್ದ ಬೆಟ್ಟ. ಮೆರಾಪಿಯ ಲಾವಾ ಸಲೀಸಾಗಿ ಹರಿಯುವುದಿಲ್ಲ, ತುಂಬಾ ಮಂದ. ಹಾಗಾಗಿ ತುದಿಯಲ್ಲೇ ಗುಡ್ಡೆಯಾಗಿ ಬೆಳೆಯುತ್ತಾ ಹೋಗುತ್ತದೆ, ಒಂದು ದಿನ ನಿಲ್ಲಲಾರದೆ ಕುಸಿಯುತ್ತದೆ, ಆಗ ಕಾದ ಬೂದಿ, ಕಲ್ಲು, ಅನಿಲ ಎಲ್ಲ ಒಟ್ಟಾಗಿ ಇಳಿಜಾರಿನಲ್ಲಿ ನುಗ್ಗಿ ಬರುತ್ತವೆ. ಓಡಿ ತಪ್ಪಿಸಿಕೊಳ್ಳುವ ಮಾತೇ ಇಲ್ಲ.

ಇದಕ್ಕೆ ಜಾವಾದ ಜನ ಇಟ್ಟ ಹೆಸರು 'ವೆದುಸ್ ಗೆಂಬೆಲ್', ಅಂದರೆ ಉಣ್ಣೆ ಗಂಟುಗಟ್ಟಿದ ಕುರಿ. ಫೋಟೋ ನೋಡಿ, ಗೊತ್ತಾಗುತ್ತದೆ. ಗುಂಗುರು ಗುಂಗುರಾಗಿ ಉರುಳಿ ಬರುವ ಬೂದು ಮೋಡ ಥೇಟ್ ಕುರಿ ಮೈಯ ಹಾಗೇ ಇರುತ್ತದೆ. ಇಷ್ಟು ಭಯಂಕರವಾದದ್ದಕ್ಕೆ ಮನೆಯ ಕೊಟ್ಟಿಗೆಯಿಂದಲೇ ಹೆಸರು ತಂದಿದ್ದಾರಲ್ಲ, ಅದು ನನ್ನನ್ನು ತುಂಬಾ ತಟ್ಟುತ್ತದೆ. 2010ರ ಅಕ್ಟೋಬರ್ 26ರಂದು ಈ ಕುರಿ ಕಿನಾರೆಜೊ ಎಂಬ ಹಳ್ಳಿಗೇ ಬಂತು. ಯೋಗ್ಯಕರ್ತದ ಸುಲ್ತಾನರ ಪರವಾಗಿ ಬೆಟ್ಟಕ್ಕೆ ಪೂಜೆ ನಡೆಸುತ್ತಿದ್ದ ಮರಿಜಾನ್ ಅಜ್ಜ ಮನೆ ಬಿಟ್ಟು ಹೋಗಲು ಒಪ್ಪಿರಲಿಲ್ಲ. ಅಲ್ಲೇ ತೀರಿಕೊಂಡರು. ಆ ಬಾರಿಯ ಸ್ಫೋಟಗಳಲ್ಲಿ ಸತ್ತವರು 350ಕ್ಕಿಂತ ಹೆಚ್ಚು.

ಇನ್ನೊಂದು ಪದ 'ಲಹಾರ್'. ಬೆಟ್ಟದ ಮೇಲೆ ಕೂತ ಬೂದಿಗೆ ಜೋರು ಮಳೆ ಬಿದ್ದರೆ ಅದು ಕೆಸರಾಗಿ, ಬಂಡೆಗಳನ್ನೂ ಎಳೆದುಕೊಂಡು ಹೊಳೆಗಳಲ್ಲಿ ಇಳಿಯುತ್ತದೆ. ಅದೇ ಲಹಾರ್. ಜಾವಾದ ಈ ಮಾತನ್ನೇ ಈಗ ಜಗತ್ತಿನ ಭೂವಿಜ್ಞಾನಿಗಳೆಲ್ಲ ಬಳಸುತ್ತಾರೆ.

1966ರಲ್ಲಿ ಯೋಗ್ಯಕರ್ತದ ಹತ್ತಿರ ಸಾಂಬಿಸಾರಿಯಲ್ಲಿ ಒಬ್ಬ ರೈತ ಹೊಲ ಅಗೆಯುವಾಗ ಗುದ್ದಲಿಗೆ ಕೆತ್ತನೆಯ ಕಲ್ಲು ತಗುಲಿತು. ಕೆಳಗೆ ಒಂದು ಶಿವನ ಗುಡಿಯೇ ಇತ್ತು! ಮೆರಾಪಿ ಉಗುಳಿದ್ದರಲ್ಲಿ ಸುಮಾರು ಆರೂವರೆ ಮೀಟರ್ ಆಳಕ್ಕೆ ಹೂತುಹೋಗಿತ್ತು. ಈಗ ಅಲ್ಲಿಗೆ ಹೋದರೆ ಮೆಟ್ಟಿಲು ಇಳಿದು ಗುಡಿಯ ಅಂಗಳ ಸೇರಬೇಕು.