ಎಡಗೈಗೂ ಕೆಲಸ ಕೊಡಿ

ಕಟ್ಟಡಗಳ ನಕ್ಷೆ ಬಿಡಿಸುವ ತಂತ್ರಾಂಶ ರೆವಿಟ್‌ನ ಕೀಬೋರ್ಡ್ ಶಾರ್ಟ್‌ಕಟ್‌ಗಳನ್ನೆಲ್ಲ ಪ್ರಿಂಟ್ ತೆಗೆದು ಮಾನಿಟರ್ ಪಕ್ಕ ಅಂಟಿಸಿಕೊಳ್ಳುವವರಿದ್ದಾರೆ. ಪಟ್ಟಿ ಉದ್ದವಾದಷ್ಟೂ ಕೈ ಚುರುಕಾಗುತ್ತದೆ ಎಂದು ಅವರ ನಂಬಿಕೆ. ಈ ನಂಬಿಕೆಯನ್ನು ಲೆಕ್ಕಕ್ಕೆ ಹಚ್ಚಿ ನೋಡಬಹುದು.

ಅದಕ್ಕೆ ಬೇಕಾದ ಅಂಕಿಗಳು 1980ರಲ್ಲೇ ಬಂದಿವೆ. ಸ್ಟುವರ್ಟ್ ಕಾರ್ಡ್, ಥಾಮಸ್ ಮೊರಾನ್, ಆಲನ್ ನ್ಯೂವೆಲ್ ಈ ಮೂವರು ಸಂಶೋಧಕರು ಕಂಪ್ಯೂಟರ್ ಮುಂದೆ ನಾವು ಮಾಡುವ ಕೆಲಸವನ್ನು ಬಿಡಿ ಚಲನೆಗಳಾಗಿ ಒಡೆದು, ಒಂದೊಂದಕ್ಕೂ ಸರಾಸರಿ ಸಮಯ ಗೊತ್ತುಮಾಡಿದರು. ಮೌಸ್ ಬಾಣವನ್ನು ಗುರಿಗೆ ಮುಟ್ಟಿಸಲು 1.1 ಸೆಕೆಂಡ್. ಟೈಪಿಂಗ್ ವೃತ್ತಿಯಲ್ಲದ ಸಾಮಾನ್ಯರಿಗೆ ಒಂದು ಕೀ ಒತ್ತಲು 0.28. ಕೈ ಮೌಸ್ ಬಿಟ್ಟು ಕೀಬೋರ್ಡಿಗೆ ಬರಲು 0.4. ಮುಂದಿನ ಹೆಜ್ಜೆಗೆ ಮನಸ್ಸು ಅಣಿಯಾಗಲು 1.35. ಕೊನೆಯದೇ ಎಲ್ಲಕ್ಕಿಂತ ದುಬಾರಿ, ನೋಡಿ.

ಈಗ ಒಂದು ಗೋಡೆ ಎಳೆಯೋಣ. ತೆರೆಯ ಮೇಲ್ತುದಿಯ ಗುಂಡಿಗಳ ಪಟ್ಟಿಗೆ, ಅಂದರೆ ರಿಬ್ಬನ್‌ಗೆ ಹೋಗಿ ‘ವಾಲ್’ ಒತ್ತಿ ನಕ್ಷೆಗೆ ಮರಳಲು ಎರಡು ಓಡಾಟ, 2.2 ಸೆಕೆಂಡ್. ಬೇರೆ ಟ್ಯಾಬ್ ತೆರೆದಿದ್ದರೆ 3.3. ಕೀಬೋರ್ಡ್ ಮೇಲೇ ಇರುವ ಎಡಗೈಯಲ್ಲಿ ಡಬ್ಲ್ಯು, ಎ ಒತ್ತಿದರೆ 0.56, ಎಂಟರ್ ಕೂಡ ಬೇಡ. ದಿನಕ್ಕೆ ಇಂಥ ಸಾವಿರ ಆಜ್ಞೆ ಎಂದುಕೊಂಡರೆ ಅರ್ಧ ಗಂಟೆಯ ಹತ್ತಿರ ಉಳಿಯಿತು. ಆದರೆ ‘ಗೋಡೆಗೆ ಯಾವ ಅಕ್ಷರ?’ ಎಂದು ಒಮ್ಮೆ ತಡವರಿಸಿದರೆ 1.91 ಆಗುತ್ತದೆ, ಎರಡು ಸಲ ತಡವರಿಸಿದರೆ ಮೌಸೇ ವಾಸಿ. ಪಟ್ಟಿಯತ್ತ ಕತ್ತು ತಿರುಗಿಸುವವರ ಲೆಕ್ಕ ಹಾಕುವುದೇ ಬೇಡ. ಆ್ಯಪಲ್‌ನಲ್ಲಿದ್ದ ಬ್ರೂಸ್ ಟೊಗ್ನಾಜಿನಿ 1989ರಲ್ಲಿ ಹೇಳಿದ್ದೂ ಇದನ್ನೇ: ಕೀಬೋರ್ಡೇ ವೇಗ ಎಂದು ಜನ ಹೇಳುತ್ತಿದ್ದರೂ ಸ್ಟಾಪ್‌ವಾಚ್ ಮೌಸ್ ಕಡೆಗಿತ್ತು, ಯಾವ ಕೀ ಎಂದು ಯೋಚಿಸುವ ಹೊತ್ತು ಅವರ ಗಮನಕ್ಕೇ ಬರುತ್ತಿರಲಿಲ್ಲ.

ಹಾಗಾದರೆ ಶಾರ್ಟ್‌ಕಟ್ ಬರೀ ಭ್ರಮೆಯೇ? ಪತ್ರ ಟೈಪಿಸುವವರ ಮಟ್ಟಿಗೆ ವಾದಕ್ಕೆ ಜಾಗವಿದೆ. ನಕ್ಷೆ ಬಿಡಿಸುವವರ ಮಾತು ಬೇರೆ, ಏಕೆಂದರೆ ಇಲ್ಲಿ ಎರಡು ಕೈಗೂ ಒಟ್ಟಿಗೇ ಕೆಲಸವಿದೆ. 1963ರಲ್ಲಿ ಎಂಐಟಿಯ ಐವನ್ ಸದರ್‌ಲ್ಯಾಂಡ್ ಕ್ಯಾಡ್‌ನ (ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ತಂತ್ರದ) ಮೂಲಪುರುಷನಾದ ‘ಸ್ಕೆಚ್‌ಪ್ಯಾಡ್’ ರೂಪಿಸಿದಾಗಲೇ ಒಂದು ಕೈಗೆ ಬೆಳಕಿನ ಪೆನ್ನು, ಇನ್ನೊಂದಕ್ಕೆ ಗುಂಡಿಗಳ ಪೆಟ್ಟಿಗೆ. 1968ರಲ್ಲಿ ಡಗ್ಲಸ್ ಎಂಗಲ್ಬಾರ್ಟ್ ಲೋಕಕ್ಕೆ ಮೌಸ್ ತೋರಿಸಿದ್ದು ಎಲ್ಲರಿಗೂ ನೆನಪಿದೆ. ಅವರ ಎಡಗೈ ಕೆಳಗಿದ್ದ ಐದು ಕೀಗಳ ಪುಟ್ಟ ಹಲಗೆಯನ್ನು ಮಾತ್ರ ಮರೆತೆವು. ಐದೇ ಕೀ, ಕೂಡಿಸಿ ಒತ್ತಿದರೆ 31 ಸಂಕೇತ! ಅದು ಮೂಲೆ ಸೇರಿದ್ದು ನನಗಂತೂ ಅನ್ಯಾಯವೆನಿಸುತ್ತದೆ.

ವೀಣೆಯಲ್ಲಿ ಎಡಗೈ ಸ್ವರಸ್ಥಾನ ಹಿಡಿಯುತ್ತದೆ, ಬಲಗೈ ಮೀಟುತ್ತದೆ. ಸ್ವರ ಬದಲಿಸಲೆಂದು ಬಲಗೈ ಮೆಟ್ಟಿಲುಗಳತ್ತ ಓಡುವುದಿಲ್ಲ. ಇಲ್ಲೂ ‘ಏನು’ ಎಂಬುದು ಎಡಗೈಯದು, ‘ಎಲ್ಲಿ’ ಎಂಬುದು ಬಲಗೈಯದು. ಬಾಣ ಗೋಡೆಯ ಮೂಲೆಯಲ್ಲೇ ನಿಂತಿರುತ್ತದೆ, ಕಣ್ಣೂ ಅಲ್ಲೇ ಇರುತ್ತದೆ. ಉಳಿಯುವ ಸೆಕೆಂಡುಗಳಿಗಿಂತ ಇದು ದೊಡ್ಡ ಲಾಭ.

ಈ ದೃಷ್ಟಿಯಿಂದ ನೋಡಿದರೆ ಎಲ್ಲ ಶಾರ್ಟ್‌ಕಟ್‌ಗಳೂ ಒಂದೇ ಅಲ್ಲ. ಟ್ರಿಮ್‌ಗೆ ಟಿ-ಆರ್, ಬಾಗಿಲಿಗೆ ಡಿ-ಆರ್: ಎಲ್ಲವೂ ಎಡಗೈ ಬೆರಳಿಗೆ ಸಿಗುವ ಕೀಗಳು. ಕಾಪಿಗೆ ಸಿ-ಒ ಎಂದು ಕಲಿತವರ ಬೆರಳು ‘ಒ’ಗಾಗಿ ಕೀಬೋರ್ಡಿನ ಆಚೆ ದಡಕ್ಕೆ ಹೋಗಬೇಕು, ಸಿ-ಸಿ ಒತ್ತಿದರೂ ಅದೇ ಕೆಲಸ ಆಗುತ್ತದೆ. ಮತ್ತೊಂದು ನಕ್ಷೆ ತಂತ್ರಾಂಶವಾದ ಆಟೋಕ್ಯಾಡ್‌ನವರಿಗೆ ಇನ್ನೊಂದು ಅನುಕೂಲವಿದೆ: ಹೆಬ್ಬೆರಳಿನ ಕೆಳಗಿನ ಸ್ಪೇಸ್‌ಬಾರೇ ಎಂಟರ್, ಆಜ್ಞೆ ಮುಗಿದ ಮೇಲೆ ಮತ್ತೆ ಒತ್ತಿದರೆ ಹಿಂದಿನದೇ ಮರಳುತ್ತದೆ.

ದಿನವೂ ಬಳಸುವ ಹತ್ತು-ಹದಿನೈದು ಆಜ್ಞೆ ಸಾಕು, ಉಳಿದದ್ದಕ್ಕೆ ರಿಬ್ಬನ್ ಇದೆ. ಮೂವ್‌ನ ಎಂ-ವಿ, ಅಲೈನ್‌ನ ಎ-ಎಲ್ ತರಹ ಎಟುಕದವನ್ನು ರೆವಿಟ್‌ನಲ್ಲಿ ಕೆ-ಎಸ್ ಒತ್ತಿದಾಗ ತೆರೆಯುವ ಕಿಟಕಿಯಲ್ಲಿ ಬದಲಿಸಿಕೊಳ್ಳಿ. ಬದಲಿಸಿದ ಪಟ್ಟಿಯನ್ನು ಎಕ್ಸ್‌ಎಂಎಲ್ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ ಆಫೀಸಿನ ಎಲ್ಲ ಕಂಪ್ಯೂಟರಿಗೂ ಹಾಕಿಬಿಡಿ. ಇಲ್ಲದಿದ್ದರೆ ಪಕ್ಕದವರ ಸೀಟಿನಲ್ಲಿ ಕೂತ ದಿನ ಗೋಡೆ ಸರಿಸಲು ಹೋಗಿ ಇನ್ನೇನನ್ನೋ ತೆರೆದುಕೊಳ್ಳುತ್ತೀರಿ.