ಎಲ್ಲಾ ಇಳದೈತ್ರಿ ಸರ

ಜ್ಯೂರಿ ದಿನ, ಅಂದರೆ ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ತಮ್ಮ ಡ್ರಾಯಿಂಗ್, ಮಾಡೆಲ್‌ಗಳನ್ನು ಪರೀಕ್ಷಕರ ಮುಂದಿಡುವ ದಿನ, ನಾನು ಕಾಲೇಜಿಗೆ ಬೆಳಿಗ್ಗೆ ಬೇಗ ಹೋಗುತ್ತೇನೆ. ಸ್ಟುಡಿಯೋ ಬಾಗಿಲು ತೆಗೆದರೆ ಮೊದಲು ಮೂಗಿಗೆ ಬಡಿಯುವುದು ವಾಸನೆ. ಫೆವಿಕ್ವಿಕ್, ಸ್ಪ್ರೇ ಪೇಂಟ್, ರಾತ್ರಿ ತಂದ ಎಗ್‌ರೈಸ್. ಇವೆಲ್ಲದರ ಅಡಿಯಲ್ಲಿ ಇನ್ನೊಂದು ವಾಸನೆ ಇರುತ್ತದೆ. ಅದನ್ನು ಮುಚ್ಚೋಕೆ ಅಂತಲೇ ಹುಡುಗರು ಅರ್ಧ ಡಬ್ಬಿ ಬಾಡಿ ಸ್ಪ್ರೇ ಹೊಡೆದಿರುತ್ತಾರೆ. ಇಷ್ಟು ವರ್ಷ ಸೈಟಿನಲ್ಲಿ ವಾರ್ನಿಷ್ ಮೂಸಿ ಮೂಸಿ ಸರ್ ಮೂಗು ಸತ್ತಿದೆ ಅಂತ ಅವರ ಲೆಕ್ಕ.

ಕಳೆದ ಸೆಮಿಸ್ಟರ್‌ನಲ್ಲಿ ಹೀಗೇ ಹೋದಾಗ ಒಬ್ಬ ಹುಡುಗ ಎಡಗೈ ಹೆಬ್ಬೆರಳಿಗೆ ಟಿಶ್ಯೂ ಸುತ್ತಿ, ಮೇಲೆ ಮಾಸ್ಕಿಂಗ್ ಟೇಪ್ ಹಚ್ಚಿಕೊಂಡು ಕೂತಿದ್ದ. ಟಿಶ್ಯೂ ಕೆಂಪಾಗಿತ್ತು. ಮಾಡೆಲ್‌ನ ತಾರಸಿ ಮೇಲೂ ಎರಡು ಹನಿ.

"ಏನಪಾ, ಯಾವಾಗ ಆತಿದು?"

"ಐದಕ್ಕರೀ ಸರ. ಕಟರ್ ಜಾರಿತ್ರಿ."

"ಕುಡದಿದ್ದೇನು?"

ಸ್ವಲ್ಪ ಹೊತ್ತು ಮಾಡೆಲ್ ನೋಡಿದ. "ಒಂದ ಬಿಯರ್ರೀ ಸರ. ಮೂರಕ್ಕ ಕಡಕ್ ಚಾ ಕುಡದು, ಮಾರಿ ತೊಳಕೊಂಡ ಮ್ಯಾಲೇ ಕಟರ್ ಹಿಡದೇನ್ರಿ. ಎಲ್ಲಾ ಇಳದಿತ್ರಿ."

ಎಲ್ಲಾ ಇಳದಿತ್ರಿ. ಎಲ್ಲಾ ಇಳದೈತ್ರಿ. ಬೆಳಗಾವಿಯಲ್ಲಿ ಆರ್ಕಿಟೆಕ್ಟ್ ಆಗಿ ಪ್ರಾಕ್ಟೀಸ್ ಮಾಡುತ್ತಾ, ವಾರಕ್ಕೆ ಎರಡು ದಿನ ಕಾಲೇಜಿನಲ್ಲಿ ಡಿಸೈನ್ ಸ್ಟುಡಿಯೋ ತೆಗೆದುಕೊಳ್ಳುವ ನನಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಈ ಅಂಕಣ, ಕುಡಿದದ್ದರ ಅಮಲು ಪೂರ್ತಿ ಇಳಿದಿದೆ ಅನ್ನುವ ಆ ಒಂದು ಮಾತಿನ ಮೇಲೆ.

ಕ್ಯಾಂಪಸ್ಸಿನಲ್ಲಿ ಕುಡಿಯಬಾರದು ಅನ್ನೋದನ್ನು ನಾನು ಹೇಳಬೇಕಾಗಿಲ್ಲ. ಕರ್ನಾಟಕದ ಅಬಕಾರಿ ನಿಯಮದ ಪ್ರಕಾರ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. 2023ರ ಜನವರಿಯಲ್ಲಿ ಸರ್ಕಾರ ಅದನ್ನು 18ಕ್ಕೆ ಇಳಿಸಲು ಹೊರಟು, ವಿರೋಧ ಬಂದ ಮೇಲೆ ಕೈಬಿಟ್ಟಿತು. ಇವರು ಓದುವ ಬಿ.ಆರ್ಕ್ ಐದು ವರ್ಷದ ಕೋರ್ಸು. ಮೂರನೇ ವರ್ಷಕ್ಕೆ ಬಂದರೂ ಬಹಳ ಜನಕ್ಕೆ 21 ಆಗಿರುವುದಿಲ್ಲ. ಇದೂ ಅವರಿಗೆ ಗೊತ್ತು. ಚೋರ್ಲಾ ಘಾಟ್ ಇಳಿದರೆ ಗೋವಾ, ಅಲ್ಲಿ ಬಾಟಲಿ ಅಗ್ಗ ಅನ್ನೋದೂ ಗೊತ್ತು. ಗೊತ್ತಿಲ್ಲದಿರುವುದು ಬಾಟಲಿ ಹೊಟ್ಟೆಗೆ ಹೋದ ಮೇಲಿನ ಲೆಕ್ಕ. ಲೋಡ್ ಕ್ಯಾಲ್ಕುಲೇಷನ್ ಮಾಡುವ ಮಕ್ಕಳು, ಈ ಲೆಕ್ಕಕ್ಕೆ ಬಂದರೆ ಮಾತ್ರ ಅಂದಾಜಿನಲ್ಲಿ ಹೊಡೆಯುತ್ತಾರೆ.

ಮೊದಲು "ಒಂದ ಬಿಯರ್". ಇವರು ತರುವುದು ಸ್ಟ್ರಾಂಗ್ ಬಿಯರ್, 650 ಎಂ.ಎಲ್. ಬಾಟಲಿ. 8 ಪರ್ಸೆಂಟ್ ಅಂತ ಹಿಡಿದರೆ ಅದರಲ್ಲಿ 52 ಎಂ.ಎಲ್. ಆಲ್ಕೋಹಾಲ್ ಇದೆ. ತೂಕದಲ್ಲಿ ಸುಮಾರು 41 ಗ್ರಾಂ. ನಮ್ಮಲ್ಲಿ ಸಿಗುವ ವಿಸ್ಕಿ 42.8 ಪರ್ಸೆಂಟ್; ಅದರ 30 ಎಂ.ಎಲ್. ಪೆಗ್ಗಿನಲ್ಲಿ ಇರುವುದು ಸುಮಾರು 10 ಗ್ರಾಂ. ಅಂದರೆ ಒಂದು ಬಿಯರ್ ಬಾಟಲಿ ನಾಲ್ಕು ಸಣ್ಣ ಪೆಗ್ಗಿಗೆ ಸಮ. "ನಾಲ್ಕು ಪೆಗ್ ಹಾಕಿ ಕಟರ್ ಹಿಡೀತೀಯೇನು?" ಅಂದರೆ ಹುಡುಗರು ಹೌಹಾರುತ್ತಾರೆ. "ಒಂದು ಬಿಯರ್ ಕುಡಿದು?" ಅಂದರೆ ನಗುತ್ತಾರೆ.

ಈಗ ಇಳಿಯುವ ವಿಷಯ. ನಾನು ಡಾಕ್ಟರ್ ಅಲ್ಲ, ಮನೆ ಕಟ್ಟಿಸುವವನು. ಆದರೆ ಇದನ್ನು ಡಾಕ್ಟರ್ ಗೆಳೆಯನ ಹತ್ತಿರ ಕೂತು, ಕಾಗದದ ಮೇಲೆ ಬರೆಸಿಕೊಂಡು ತಿಳಿದುಕೊಂಡಿದ್ದೇನೆ. ರಕ್ತದಲ್ಲಿನ ಆಲ್ಕೋಹಾಲನ್ನು ಬಹುಪಾಲು ಖಾಲಿ ಮಾಡುವುದು ಲಿವರ್. ಅದು ತನ್ನದೇ ಗತಿಯಲ್ಲಿ ಮಾಡುತ್ತದೆ. 100 ಎಂ.ಎಲ್. ರಕ್ತಕ್ಕೆ ಗಂಟೆಗೆ ಸುಮಾರು 15 ಮಿಲಿಗ್ರಾಂ. ಕೆಲವರಿಗೆ ಸ್ವಲ್ಪ ಜಾಸ್ತಿ, ಕೆಲವರಿಗೆ ಕಮ್ಮಿ. ಚಹಾ ಕುಡಿದರೂ ಅಷ್ಟೇ, ತಣ್ಣೀರು ಸುರಿದುಕೊಂಡರೂ ಅಷ್ಟೇ, ಲಿಂಬೆ ಹಿಂಡಿದರೂ ಅಷ್ಟೇ, ವಾಂತಿ ಮಾಡಿದರೂ ರಕ್ತಕ್ಕೆ ಸೇರಿದ್ದು ವಾಪಸ್ ಬರುವುದಿಲ್ಲ.

ಸೈಟಿನ ಭಾಷೆಯಲ್ಲಿ ಹೇಳುತ್ತೇನೆ. ಸ್ಲ್ಯಾಬ್ ಹಾಕಿದ ಮೂರನೇ ದಿನಕ್ಕೇ ಮನೆ ಮಾಲೀಕರ ಫೋನ್ ಬರುತ್ತದೆ. "ಸರ್, ಗಟ್ಟಿ ಆಗೇತ್ರಿ, ಮ್ಯಾಲ್ ನಿಂತ ನೋಡೀನಿ, ಸೆಂಟ್ರಿಂಗ್ ಬಿಚ್ಚಸ್ರಿ, ಬಾಡಿಗಿ ಏರಾಕತ್ತೇತಿ." ಮೇಲೆ ನಿಂತರೆ ಗಟ್ಟಿ ಅನ್ನಿಸುತ್ತದೆ, ನಿಜ. ಆದರೂ ನಾಲ್ಕೂವರೆ ಮೀಟರ್ ಒಳಗಿನ ಸ್ಪ್ಯಾನಿಗೆ 7 ದಿನ, ಅದಕ್ಕಿಂತ ದೊಡ್ಡದಕ್ಕೆ 14 ದಿನ ಸೆಂಟ್ರಿಂಗ್ ಆಸರೆ ತೆಗೆಯಬಾರದು ಅಂತ ಕಾಂಕ್ರೀಟ್ ಕೆಲಸದ ಕೋಡ್ ಹೇಳುತ್ತದೆ. ಮಾಲೀಕರು ಅವಸರ ಮಾಡಿದರು ಅಂತ ಸಿಮೆಂಟ್ ಬೇಗ ಸೆಟ್ ಆಗುವುದಿಲ್ಲ. ಇದನ್ನು ಕ್ಲಾಸಿನಲ್ಲಿ ಹೇಳಿದಾಗ ಎಲ್ಲರೂ ತಲೆಯಾಡಿಸುತ್ತಾರೆ. ಅವತ್ತೇ ರಾತ್ರಿ ತಮ್ಮ ಸೆಂಟ್ರಿಂಗ್ ಮೂರು ಗಂಟೆಗೇ ಬಿಚ್ಚುತ್ತಾರೆ.

ಹಾಗಾದರೆ ಚಹಾ ಏನು ಮಾಡುತ್ತದೆ? ನಿದ್ದೆ ಓಡಿಸುತ್ತದೆ. ಅಷ್ಟೇ. ಅಮಲಿನಲ್ಲಿ ತೂಕಡಿಸುತ್ತಿದ್ದವನು ಅಮಲಿನಲ್ಲೇ ಕಣ್ಣು ಬಿಟ್ಟುಕೊಂಡು ಕೂರುತ್ತಾನೆ. ನನ್ನ ಪ್ರಕಾರ ಇದು ಮೊದಲಿಗಿಂತ ಅಪಾಯ. ತೂಕಡಿಸುವವನು ಬೋರ್ಡಿನ ಮೇಲೆ ತಲೆಯಿಟ್ಟು ಮಲಗುತ್ತಾನೆ. ಎಚ್ಚರ ಇದ್ದವನು ಕಟರ್ ಹಿಡಿಯುತ್ತಾನೆ, ಬೈಕಿನ ಚಾವಿ ಹಿಡಿಯುತ್ತಾನೆ. "ನನಗ ಈಗ ಆರಾಮ ಅನಸತೈತ್ರಿ" ಅನ್ನುತ್ತಾರೆ. ಅನ್ನಿಸುವುದು ಯಾವುದಕ್ಕೆ? ತಲೆಗೆ. ಕುಡಿದಿರುವುದೂ ಅದೇ ತಲೆ. ಬಾಗಿದ ಟಿ-ಸ್ಕ್ವೇರ್ ಇಟ್ಟು ಗೆರೆ ಎಳೆದು, ಅದೇ ಟಿ-ಸ್ಕ್ವೇರ್ ಇಟ್ಟು ಚೆಕ್ ಮಾಡಿದರೆ ಗೆರೆ ನೆಟ್ಟಗೇ ಕಾಣುತ್ತದೆ, ಅಲ್ವಾ?

ಇನ್ನೊಂದು ಲೆಕ್ಕ. ಬೇಸರ ಮಾಡಿಕೊಳ್ಳಬೇಡಿ, ಬೋರ್ಡಿನ ಮೇಲೆ ಇದನ್ನು ನಾನು ಪ್ರತಿ ವರ್ಷ ಬರೆಯುತ್ತೇನೆ. 60 ಕೆ.ಜಿ. ತೂಕದ ಹುಡುಗ ರಾತ್ರಿ 11ಕ್ಕೆ ಶುರು ಮಾಡಿ ಎರಡು ಬಾಟಲಿ ಮುಗಿಸಿದ. 82 ಗ್ರಾಂ. ಅಂದಾಜು 100 ಎಂ.ಎಲ್. ರಕ್ತಕ್ಕೆ 195 ಮಿಲಿಗ್ರಾಂ. ಬೆಳಿಗ್ಗೆ 7ಕ್ಕೆ ಶೀಟ್ ಪ್ಲಾಟ್ ಮಾಡಿಸಲು, ಅಂದರೆ ಡ್ರಾಯಿಂಗನ್ನು ದೊಡ್ಡ ಕಾಗದಕ್ಕೆ ಪ್ರಿಂಟ್ ಹಾಕಿಸಲು, ಬೈಕ್ ಹತ್ತುತ್ತಾನೆ. ಎಂಟು ಗಂಟೆಗೆ 120 ಕಳೆಯಿರಿ. ಇನ್ನೂ 75 ಉಳಿದಿದೆ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ನಿನ ಮಿತಿ 30. ಸೂರ್ಯ ಹುಟ್ಟಿದ್ದಾನೆ, ಹಾಲಿನವರು ಹೊರಟಿದ್ದಾರೆ, ಹುಡುಗನಿಗೆ ರಾತ್ರಿಯದು ರಾತ್ರಿಗೇ ಮುಗಿಯಿತು ಅನ್ನಿಸಿದೆ. ಖಾನಾಪುರ ರೋಡಿನಲ್ಲಿ ಅವನು ಕಾನೂನಿನ ಮಿತಿಯ ಎರಡು ಪಟ್ಟಿಗೂ ಮೇಲೆ ಅಮಲಿನಲ್ಲಿ ಬೈಕ್ ಓಡಿಸುತ್ತಿದ್ದಾನೆ, ಹೆಗಲಿಗೆ ಶೀಟ್ ಟ್ಯೂಬ್ ಬೇರೆ. ಹೆಣ್ಣುಮಕ್ಕಳ ಮೈಯಲ್ಲಿ ನೀರಿನಂಶ ಕಮ್ಮಿ. ಅಷ್ಟೇ ಕುಡಿದರೂ ಅವರಲ್ಲಿ ಅಂಕಿ ಇನ್ನೂ ಮೇಲೆ ನಿಲ್ಲುತ್ತದೆ. ಇದು ಅಂದಾಜಿನ ಲೆಕ್ಕ, ಊಟ, ಮೈಕಟ್ಟು ಎಲ್ಲಾ ಸೇರಿ ಹೆಚ್ಚುಕಮ್ಮಿ ಆಗುತ್ತದೆ. ಇದನ್ನು ಹಿಡಿದುಕೊಂಡು "ಹಂಗಾರ 10 ಗಂಟೇಕ್ಕ ಬೈಕ್ ಹೊಡೀಬಹುದು" ಅಂತ ಲೆಕ್ಕ ಹಾಕಬೇಡಿ.

ಇದಕ್ಕೆ ನಿದ್ದೆಗೇಡು ಸೇರಿಸಿ. 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಜನರನ್ನು ಎಚ್ಚರವಾಗಿ ಕೂರಿಸಿ, ಕೈ ಮತ್ತು ಕಣ್ಣಿನ ಹೊಂದಾಣಿಕೆ ಅಳೆದರು. 17 ಗಂಟೆ ಎಚ್ಚರವಿದ್ದವರ ಕೈ, ರಕ್ತದಲ್ಲಿ 50 ಮಿಲಿಗ್ರಾಂ ಇದ್ದವರ ಕೈಯಷ್ಟೇ ತಪ್ಪುತ್ತಿತ್ತು. 24 ಗಂಟೆಗೆ ಹೆಚ್ಚುಕಮ್ಮಿ 100ರ ಮಟ್ಟ. ನೈಟ್ ಔಟ್ ಮಾಡುವ, ಅಂದರೆ ರಾತ್ರಿಯೆಲ್ಲಾ ಕೂತು ಕೆಲಸ ಮಾಡುವ ಹುಡುಗ ಹನಿ ಮುಟ್ಟದಿದ್ದರೂ ಬೆಳಿಗ್ಗೆ ಐದಕ್ಕೆ ಅರ್ಧ ಕುಡಿದವನೇ. ಅದರ ಮೇಲೆ ಬಿಯರ್. ಅದರ ಮೇಲೆ ಕಟರ್, ಸ್ಟೀಲ್ ಸ್ಕೇಲ್, ಮಾಡೆಲ್ ಮಾಡುವ ಐದು ಎಂ.ಎಂ. ಸನ್‌ಬೋರ್ಡ್. ಪಕ್ಕದಲ್ಲಿ ಸ್ಪ್ರೇ ಪೇಂಟ್ ಹೊಡೆಯುತ್ತಾ ಇನ್ನೊಬ್ಬ. ಕಿಟಕಿ ಮುಚ್ಚಿರುತ್ತದೆ, ಯಾಕೆಂದರೆ ವಾಚ್‌ಮನ್‌ಗೆ ವಾಸನೆ ಹೋಗಬಾರದು. ಪೇಂಟಿನ ಥಿನ್ನರ್ ಆವಿ ಕೂಡ ಮಿದುಳನ್ನು ಮಂಕು ಮಾಡುವಂಥದ್ದೇ. ಯಾರೋ ಒಬ್ಬ ಅಲ್ಲೇ ಸಿಗರೇಟಿಗೆ ಲೈಟರ್ ಗೀರುತ್ತಾನೆ. ಸಾಕು ಬಿಡಿ.

ಮೂರನೇ ವರ್ಷದ ಜಾಣ ಒಬ್ಬ ಮೊಬೈಲ್ ತೋರಿಸಿದ. "ಸರ, ಇಲ್ನೋಡ್ರಿ, ಕುಡದ್ರ ಕ್ರಿಯೇಟಿವಿಟಿ ಹೆಚ್ಚಾಕ್ಕೈತಂತ ರಿಸರ್ಚ್ ಐತಿ." ಇದೆ, ಸುಳ್ಳಲ್ಲ. 2012ರಲ್ಲಿ ಶಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದವರು ಮಾಡಿದ್ದು. ಸುಮಾರು 75 ಮಿಲಿಗ್ರಾಂ ಮಟ್ಟಕ್ಕೆ ಕುಡಿಸಿದ ಗಂಡಸರು ಪದಗಳ ಒಗಟನ್ನು ಕುಡಿಯದವರಿಗಿಂತ ಚೆನ್ನಾಗಿ ಬಿಡಿಸಿದರು. ಮೂರು ಪದ ಕೊಟ್ಟು, ಮೂರಕ್ಕೂ ಹೊಂದುವ ನಾಲ್ಕನೆಯದು ಹೇಳಿ ಅನ್ನೋ ಒಗಟು. ಅದೇ ಸಂಶೋಧನೆಯಲ್ಲಿ, ಒಂದಿಷ್ಟು ವಿಷಯ ತಲೆಯಲ್ಲಿ ಹಿಡಿದಿಟ್ಟುಕೊಂಡು ಕೆಲಸ ಮಾಡುವ ಪರೀಕ್ಷೆಯಲ್ಲಿ ಅವರೇ ಹಿಂದೆ ಬಿದ್ದರು. ಅದನ್ನು ಜಾಣ ಓದಿರಲಿಲ್ಲ.

ಡಿಸೈನ್ ಅಂದರೆ ಹಿಡಿದಿಟ್ಟುಕೊಳ್ಳುವುದೇ ಅಲ್ವಾ? ಪ್ಲಾನಿನಲ್ಲಿ ಗೋಡೆ ಸರಿಸಿದರೆ ಸೆಕ್ಷನ್ನಿನಲ್ಲಿ, ಅಂದರೆ ಕಟ್ಟಡ ಸೀಳಿ ತೋರಿಸುವ ಡ್ರಾಯಿಂಗಿನಲ್ಲಿ, ತೊಲೆ ಎಲ್ಲಿ ಬರುತ್ತದೆ, ಮೇಲಿನ ಟಾಯ್ಲೆಟ್ ಕೆಳಗಿನ ಅಡುಗೆಮನೆ ಮೇಲೆ ಕೂರುತ್ತದೋ ಏನೋ. ಈ ಜಾಣನೇ ಒಂದು ರಾತ್ರಿ ಎರಡಕ್ಕೆ ಹೆರಿಗೆ ಆಸ್ಪತ್ರೆಯ ಮೆಟ್ಟಿಲು ಬರೆದಿದ್ದ. ಗೆಳೆಯರೆಲ್ಲ ಸುತ್ತ ನಿಂತು "ಭಾರೀ ಆಗೇತಿ" ಅಂದಿದ್ದರಂತೆ. ನೋಡೋಕೆ ನಿಜಕ್ಕೂ ಚೆಂದ ಇತ್ತು, ಗಾಳಿಯಲ್ಲಿ ತೇಲಿದ ಹಾಗೆ. ಜ್ಯೂರಿಯಲ್ಲಿ ಎಣಿಸಿದೆವು. 3.15 ಮೀಟರ್ ಎತ್ತರಕ್ಕೆ 14 ಮೆಟ್ಟಿಲು. ಒಂದೊಂದು 225 ಮಿಲಿಮೀಟರ್. ತುಂಬು ಬಸುರಿ ಹತ್ತಬೇಕು. ಹೊರಗಿನಿಂದ ಬಂದಿದ್ದ ಜ್ಯೂರರ್, ವಯಸ್ಸಾದ ಹೆಣ್ಣುಮಗಳು, ಏನೂ ಬೈಯಲಿಲ್ಲ. "ತಮ್ಮಾ, ಹತ್ತೂದರಾಗ ಹೆರಿಗಿ ಆಕ್ಕೈತಲ್ಲೋ" ಅಂದರು.

ನಾನೇನು ಸಾಚಾ ಅಂತಲ್ಲ. ನಮ್ಮ ಕಾಲದಲ್ಲಿ ಟ್ರೇಸಿಂಗ್ ಪೇಪರ್ ಮೇಲೆ ರಾಟ್ರಿಂಗ್ ಪೆನ್ನು. ತಪ್ಪಾದರೆ ಅರ್ಧ ಬ್ಲೇಡಿನಿಂದ ಇಂಕು ಕೆರೆಯಬೇಕು. ಒಂದು ಸಬ್ಮಿಷನ್ ರಾತ್ರಿ ಹಾಸ್ಟೆಲ್ಲಿನಲ್ಲಿ ರಮ್ ಇತ್ತು. ಬ್ಲೇಡ್ ಕಾಗದ ದಾಟಿ ಬೆರಳಿಗೆ ಹೋಯಿತು, ಗಾಬರಿಯಲ್ಲಿ ಗ್ಲಾಸು ಶೀಟಿನ ಮೇಲೆ. ಟ್ರೇಸಿಂಗ್ ಪೇಪರಿಗೆ ನೀರು ತಾಗಿದರೆ ಹಪ್ಪಳದ ಹಾಗೆ ಮುದುಡುತ್ತದೆ. ಮೂರು ವಾರದ ಎಲಿವೇಷನ್ ಡ್ರಾಯಿಂಗ್ ಮುದುಡಿತು. ಬೆರಳಿನ ಗುರುತು ಇನ್ನೂ ಇದೆ. ಹುಡುಗರಿಗೆ ತೋರಿಸಿದರೆ "ಸರೂ ಹೊಡೀತಿದ್ರು" ಅಂತ ಖುಷಿಪಡುತ್ತಾರೆಯೇ ಹೊರತು ಗಾಯ ನೋಡುವುದಿಲ್ಲ. ಅದಕ್ಕೇ ಈಗ ತೋರಿಸುವುದು ಬಿಟ್ಟಿದ್ದೇನೆ.

ಒಮ್ಮೆ ಮಾತ್ರ ನಾನು ಪಾಠ ಹೇಳುವ ಕೆಲಸವೇ ಇರಲಿಲ್ಲ. ಅಳತೆ ತೆಗೆಯಲು ವಿಜಯಪುರಕ್ಕೆ ಹೋಗಿದ್ದೆವು. ಲಾಡ್ಜಿನಲ್ಲಿ ರಾತ್ರಿ ಏನೋ ನಡೆದಿತ್ತು. ಬೆಳಿಗ್ಗೆ ಗೋಲ ಗುಮ್ಮಟ. ಮೂಲೆ ಗೋಪುರದ ಏಳು ಅಂತಸ್ತಿನ ಸುರುಳಿ ಮೆಟ್ಟಿಲು ಹತ್ತಿಸಿದೆ. ಇಬ್ಬರ ಮುಖ ಸುಣ್ಣದ ಹಾಗಾಯಿತು. ಮೇಲೆ ಪಿಸುಮಾತಿನ ಗ್ಯಾಲರಿಗೆ ಕಾಲಿಡುವುದಕ್ಕೂ ಯಾವುದೋ ಶಾಲೆಯ ಮಕ್ಕಳು ಪ್ರವಾಸಕ್ಕೆ ಬರುವುದಕ್ಕೂ ಸರಿಹೋಯಿತು. ಸುಮಾರು 38 ಮೀಟರ್ ಅಗಲದ ಗುಮ್ಮಟ. ಒಂದು ಚಪ್ಪಾಳೆ ಹೊಡೆದರೆ ಮತ್ತೆ ಮತ್ತೆ ವಾಪಸ್ ಬರುತ್ತದೆ. ಅರವತ್ತು ಮಕ್ಕಳು ಒಟ್ಟಿಗೆ ಕೂಗಿದರು. ನಮ್ಮ ಇಬ್ಬರು ಕಿವಿ ಮುಚ್ಚಿಕೊಂಡು ಗೋಡೆಗೆ ಒರಗಿ ಕೂತೇಬಿಟ್ಟರು. ಗುಮ್ಮಟ ಕಟ್ಟಿಸಿದ ಮೊಹಮ್ಮದ್ ಆದಿಲ್ ಶಾಹನಿಗೆ ಕೆಳಗೆ ಮಲಗಿದ್ದಲ್ಲೇ ನಗು ಬಂದಿರಬೇಕು. ಮಧ್ಯಾಹ್ನ ಆ ಇಬ್ಬರು ಬೇರೊಂದು ಕಟ್ಟಡದಲ್ಲಿ ಹಿಡಿದ ಅಳತೆಗಳನ್ನು ಕಾಗದಕ್ಕೆ ಹಾಕಿದರೆ ನಾಲ್ಕು ಗೋಡೆಯ ಕೋಣೆ ಮುಚ್ಚಿಕೊಳ್ಳಲೇ ಇಲ್ಲ. ಒಂದು ಮೂಲೆ 40 ಸೆಂಟಿಮೀಟರ್ ಬಾಯಿ ತೆರೆದುಕೊಂಡಿತ್ತು. "ಹಳೇ ಕಟ್ಟಡ ಸರ, ಸೊಟ್ಟ ಇರಬೇಕ್ರಿ" ಅಂದರು. ಮರುದಿನ ಮತ್ತೆ ಹೋಗಿ ಅಳೆದರು. ಕೋಣೆ ನೆಟ್ಟಗೇ ಇತ್ತು.

ನಗುವಂಥದ್ದಲ್ಲದ ಒಂದು ಮಾತು. ಯಾರಾದರೂ ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನ ಆದರೆ, "ಮಲಗಲಿ ಬಿಡು" ಅಂತ ಅಂಗಾತ ಬಿಡಬೇಡಿ. ಮಗ್ಗುಲಿಗೆ ಹೊರಳಿಸಿ. ಅಂಗಾತ ಮಲಗಿದ್ದರೆ ವಾಂತಿ ಗಂಟಲಿಗೆ ಸಿಕ್ಕಿ ಜೀವ ಹೋಗಬಹುದು. ಪಕ್ಕದಲ್ಲಿ ಒಬ್ಬರು ಕೂತಿರಿ, 108ಕ್ಕೆ ಫೋನ್ ಮಾಡಿ. ವಾರ್ಡನ್ ಬೈಯುತ್ತಾರೆ ಅಂತ ತಡ ಮಾಡಬೇಡಿ. ಬೈಸಿಕೊಳ್ಳೋದನ್ನು ಬೆಳಿಗ್ಗೆ ನೋಡಿಕೊಳ್ಳೋಣ, ನಾನೂ ಬರುತ್ತೇನೆ.

ತಪ್ಪು ಅವರದ್ದು ಮಾತ್ರ ಅಂತಲೂ ನಾನು ಹೇಳುವುದಿಲ್ಲ. ಮೂರು ದಿನ ನಿದ್ದೆ ಮಾಡಿಲ್ಲ ಅಂತ ಹೆಮ್ಮೆಯಿಂದ ಹೇಳುವುದನ್ನು ಕಲಿಸಿದವರು ನಾವೇ. ಅಮೆರಿಕದ ಆರ್ಕಿಟೆಕ್ಚರ್ ವಿದ್ಯಾರ್ಥಿಗಳ ಸಂಘ 2002ರಲ್ಲೇ ಸ್ಟುಡಿಯೋ ಬದುಕಿನ ಮೇಲೆ ವರದಿ ಮಾಡಿ ಈ ಹೆಮ್ಮೆಯನ್ನು ಪ್ರಶ್ನೆ ಮಾಡಿತು. ನಮ್ಮಲ್ಲಿ ಜ್ಯೂರಿ ಬೆಳಿಗ್ಗೆ ಹತ್ತಕ್ಕೆ, ಶೀಟ್ ತಗಲಿಸುವುದು ಒಂಬತ್ತೂ ಐವತ್ತೈದಕ್ಕೆ. ಹೀಗಿಟ್ಟರೆ ರಾತ್ರಿಯೆಲ್ಲಾ ಸ್ಟುಡಿಯೋದಲ್ಲೇ ಅಲ್ವಾ?

ಅದಕ್ಕೆ ನನ್ನ ಸ್ಟುಡಿಯೋದಲ್ಲಿ ಈಗ ಹಿಂದಿನ ದಿನ ಸಂಜೆ 5ಕ್ಕೆ ಶೀಟ್, ಮಾಡೆಲ್ ಎರಡನ್ನೂ ತೆಗೆದುಕೊಂಡು ಬೀಗ ಹಾಕುತ್ತೇನೆ. ಜ್ಯೂರಿ ಮರುದಿನ 11ಕ್ಕೆ. ಎಲ್ಲಾ ಸರಿಹೋಗಿದೆ ಅಂತ ಹೇಳಲಾರೆ. ನೈಟ್ ಔಟ್ ಒಂದು ದಿನ ಹಿಂದಕ್ಕೆ ಸರಿದಿದೆ, ಅಷ್ಟೇ. ಆದರೆ ಬೆಳಗಿನ ಜಾವ ಪ್ಲಾಟ್ ಅಂಗಡಿಗೆ ಓಡುವವರು ಕಮ್ಮಿಯಾಗಿದ್ದಾರೆ. ಇನ್ನೊಂದು ಕೇಳಿದೆ. ರಾತ್ರಿ ಉಳಿಯುವವರು ಬೈಕ್ ಚಾವಿಗಳನ್ನು ಒಂದೇ ಕಡೆ ತೂಗುಹಾಕಿ ಅಂತ. ಸುಮ್ನೆ ನಾಲ್ಕು ಮೊಳೆ ಹೊಡೆಯಿರಿ ಅಂದಿದ್ದೆ. ಹುಡುಗರು ಉಳಿದ ಬಾಲ್ಸಾ ಮರದ ತುಂಡುಗಳಿಂದ ಒಂದು ಪೆಟ್ಟಿಗೆಯನ್ನೇ ಮಾಡಿದರು, ಪ್ರತಿ ಚಾವಿಗೂ ಒಂದೊಂದು ಕಮಾನಿನ ಗೂಡು. ಟಿಶ್ಯೂ ಸುತ್ತಿಕೊಂಡಿದ್ದವನೇ ಅದರ ಮೂಲೆಗಳನ್ನು ಕೂಡಿಸಿದ್ದು. ಹಗಲಿನಲ್ಲಿ, ಊಟ ಆದ ಮೇಲೆ. ಒಂದು ಮೂಲೆಯಲ್ಲೂ ಕೂದಲೆಳೆ ಸಂದಿಲ್ಲ. ಅವನ ಸೆಮಿಸ್ಟರ್ ಮಾಡೆಲ್ಲಿಗೆ ನಾನು ಕೊಟ್ಟದ್ದು 46. ಈ ಪೆಟ್ಟಿಗೆ ಸಬ್ಮಿಟ್ ಮಾಡಿದ್ದರೆ 80 ಕೊಡುತ್ತಿದ್ದೆ.