ಮುಸುವಗಳ ಹೊಟ್ಟೆಯಲ್ಲಿ ಆಕಳ ಗುರುತು

ಧಾರವಾಡದ ಮಾಳಮಡ್ಡಿ, ಸಪ್ತಾಪುರಗಳ ಹಂಚಿನ ಮನೆಗಳ ಮೇಲೆ, ವಿಶ್ವವಿದ್ಯಾಲಯದ ಗುಡ್ಡದ ಮರಗಳಲ್ಲಿ ಕಾಣಸಿಗುವ ಉದ್ದ ಬಾಲದ, ಕರಿಮುಖದ ಮುಸುವವನ್ನು ಮನೆಮಾತಿನಲ್ಲಿ ಮುಷ್ಯಾ ಎನ್ನುತ್ತಾರೆ. ಮಂಗ್ಯಾ ಎಂದರೆ ಬೇರೆ ಪ್ರಾಣಿ. ಆಡುಮಾತಿನ ಈ ಭೇದ ಬರಿಯ ಮುಖದ ಬಣ್ಣಕ್ಕೆ ಸೇರಿದ್ದಲ್ಲ. ಮಂಗ್ಯಾ ಹಣ್ಣು, ಕಾಳು, ಕೀಟಗಳನ್ನು ಕೆನ್ನೆಯ ಚೀಲದಲ್ಲಿ ತುಂಬಿಕೊಂಡು ತಿನ್ನುವ ಪ್ರಾಣಿಯಾದರೆ, ಮುಷ್ಯಾ ಮುಖ್ಯವಾಗಿ ಎಲೆ ತಿಂದು ಬದುಕಬಲ್ಲ ಪ್ರಾಣಿ. ಅದೇ ಓಣಿಯಲ್ಲಿ, ಬೇವಿನ ಮರದ ನೆರಳಿನಲ್ಲಿ ಮೆಲುಕು ಹಾಕುತ್ತಾ ಮಲಗಿರುವ ಆಕಳೂ ಎಲೆ-ಹುಲ್ಲುಗಳನ್ನೇ ನಂಬಿದೆ. ಮರದ ಮೇಲಿನ ಮತ್ತು ಮರದ ಕೆಳಗಿನ ಈ ಎರಡು ಹೊಟ್ಟೆಗಳ ನಡುವೆ ಇರುವ ಹೋಲಿಕೆ, ವಂಶವಾಹಿಗಳ ವಿಕಾಸದ ಅಧ್ಯಯನದಲ್ಲಿ ಅತ್ಯಂತ ಗಟ್ಟಿಯಾದ ಸಾಕ್ಷ್ಯಗಳಲ್ಲಿ ಒಂದು ಎಂಬುದು ನಮ್ಮೂರಿನಲ್ಲಿ ಹೆಚ್ಚು ಜನರಿಗೆ ತಿಳಿದಿಲ್ಲ.

ಧಾರವಾಡದ ಹೆಸರು ವಾನರಶಾಸ್ತ್ರಕ್ಕೆ, ಅಂದರೆ ಕೋತಿ, ಚಿಂಪಾಂಜಿ, ಮನುಷ್ಯರೆಲ್ಲ ಸೇರುವ ಪ್ರೈಮೇಟ್ ಗುಂಪಿನ ಅಧ್ಯಯನಕ್ಕೆ, ಹೊಸದೇನಲ್ಲ. 1960ರ ದಶಕದ ಆರಂಭದಲ್ಲಿ ಜಪಾನಿನ ಯುಕಿಮಾರು ಸುಗಿಯಾಮಾ ಮತ್ತು ಅವರ ಸಂಗಡಿಗರು ಧಾರವಾಡದ ಪಶ್ಚಿಮಕ್ಕಿರುವ ಕಾಡುಗಳಲ್ಲಿ ಮುಸುವಗಳ ಹಿಂಡುಗಳನ್ನು ದೀರ್ಘಕಾಲ ಗಮನಿಸಿದರು. ಹೊಸ ಗಂಡು ಹಿಂಡನ್ನು ವಶಪಡಿಸಿಕೊಂಡ ಮೇಲೆ ಅಲ್ಲಿನ ಮರಿಗಳನ್ನು ಕಚ್ಚಿ ಕೊಂದದ್ದನ್ನು ಅವರು 1965ರಲ್ಲಿ ಪ್ರಕಟಿಸಿದಾಗ ಪ್ರಾಣಿವರ್ತನೆಯ ಅಧ್ಯಯನದಲ್ಲಿ ದೊಡ್ಡ ಚರ್ಚೆಯೇ ಹುಟ್ಟಿಕೊಂಡಿತು. ಆದರೆ ಅದು ಕಣ್ಣಿಗೆ ಕಾಣುವ ವರ್ತನೆಯ ವಿಷಯ. ಇಲ್ಲಿ ಹೇಳಬೇಕಾಗಿರುವುದು ಕಣ್ಣಿಗೆ ಕಾಣದ ಇನ್ನೊಂದು ಚರಿತ್ರೆ.

ಮನುಷ್ಯ ಮತ್ತು ಇತರ ವಾನರಗಳ ನಂಟಸ್ತಿಕೆಯನ್ನು ಎಲುಬುಗಳಿಂದಲ್ಲದೆ ರಕ್ತದಿಂದ ಅಳೆಯುವ ಪ್ರಯತ್ನ 20ನೆಯ ಶತಮಾನದ ಆರಂಭದಲ್ಲೇ ಶುರುವಾಗಿತ್ತು. ಕೇಂಬ್ರಿಜ್‌ನ ಜಾರ್ಜ್ ನಟಾಲ್ 1904ರಲ್ಲಿ, ಪ್ರಾಣಿಗಳ ರಕ್ತದ್ರವಗಳು ಒಂದರ ಪ್ರತಿಕಾಯಗಳೊಂದಿಗೆ ಇನ್ನೊಂದು ಎಷ್ಟು ಬಲವಾಗಿ ಪ್ರತಿಕ್ರಿಯಿಸುತ್ತವೆ ಎಂಬುದರ ಮೇಲೆ ಅವುಗಳ ಸಂಬಂಧವನ್ನು ಗುರುತಿಸಬಹುದೆಂದು ತೋರಿಸಿದರು. 1962ರಲ್ಲಿ ಎಮಿಲ್ ಝುಕರ್‌ಕಾಂಡಲ್ ಮತ್ತು ಲೈನಸ್ ಪಾಲಿಂಗ್ ಹಿಮೋಗ್ಲೋಬಿನ್ನಿನ ಅಧ್ಯಯನದಿಂದ, ಪ್ರೋಟೀನುಗಳಲ್ಲಿ ಬದಲಾವಣೆಗಳು ಕಾಲಕ್ರಮೇಣ ಹೆಚ್ಚುಕಡಿಮೆ ಒಂದೇ ಗತಿಯಲ್ಲಿ ಕೂಡಿಕೊಳ್ಳುತ್ತವೆ, ಆದ್ದರಿಂದ ಅವುಗಳನ್ನು ಎಣಿಸಿ ಕಾಲವನ್ನು ಲೆಕ್ಕಹಾಕಬಹುದು ಎಂಬ ವಿಚಾರವನ್ನು ಮುಂದಿಟ್ಟರು. ಇದೇ ಮುಂದೆ ಅಣುಗಡಿಯಾರ ಎಂದು ಹೆಸರಾಯಿತು.

ಈ ಗಡಿಯಾರಕ್ಕೂ ಪಳೆಯುಳಿಕೆಗಳಿಗೂ ನಡೆದ ಜಗಳದಲ್ಲಿ ಭಾರತಕ್ಕೂ ಒಂದು ಪಾತ್ರವಿತ್ತು. 1932ರಲ್ಲಿ ಶಿವಾಲಿಕ್ ಬೆಟ್ಟಗಳಲ್ಲಿ ಸಿಕ್ಕ ದವಡೆಯ ತುಣುಕಿಗೆ ರಾಮಾಪಿಥೆಕಸ್ ಎಂದು ಹೆಸರಿಡಲಾಗಿತ್ತು. 1960ರ ದಶಕದಲ್ಲಿ ಅದನ್ನು ಮನುಷ್ಯನ ನೇರ ಪೂರ್ವಜನೆಂದು ಅನೇಕರು ನಂಬಿದ್ದರಿಂದ, ನಮ್ಮ ವಂಶ ಚಿಂಪಾಂಜಿಯಿಂದ ಬೇರೆಯಾಗಿ ಕನಿಷ್ಠ 1.4 ಕೋಟಿ ವರ್ಷಗಳಾಗಿರಬೇಕು ಎಂಬ ಲೆಕ್ಕ ರೂಢಿಯಲ್ಲಿತ್ತು. 1967ರಲ್ಲಿ ಬರ್ಕ್ಲಿಯ ವಿನ್ಸೆಂಟ್ ಸಾರಿಚ್ ಮತ್ತು ಆಲನ್ ವಿಲ್ಸನ್ ರಕ್ತದ ಆಲ್ಬುಮಿನ್ ಪ್ರೋಟೀನನ್ನು ಅಳೆದು ಆ ಕಾಲವನ್ನು ಸುಮಾರು 50 ಲಕ್ಷ ವರ್ಷಗಳಿಗೆ ಇಳಿಸಿದಾಗ ಎಲುಬು ಪರೀಕ್ಷಿಸುವವರು ಒಪ್ಪಲಿಲ್ಲ. ಮುಂದೆ ಇನ್ನಷ್ಟು ಪೂರ್ಣವಾದ ಪಳೆಯುಳಿಕೆಗಳು ದೊರೆತ ಮೇಲೆ, ರಾಮಾಪಿಥೆಕಸ್ ಒರಾಂಗುಟಾನಿನ ಕಡೆಯ ನೆಂಟ ಎಂಬುದು ಸ್ಪಷ್ಟವಾಯಿತು.

ಆದರೆ ಗಡಿಯಾರ ಒಂದು ತೊಡಕನ್ನೂ ತಂದಿತು. 1968ರಲ್ಲಿ ಜಪಾನಿನ ಮೋಟೂ ಕಿಮುರಾ, ಅಣುಮಟ್ಟದಲ್ಲಿ ನೆಲೆನಿಂತ ಬದಲಾವಣೆಗಳಲ್ಲಿ ಬಹುಪಾಲು ಲಾಭವನ್ನೂ ತಾರದ, ನಷ್ಟವನ್ನೂ ತಾರದ ತಟಸ್ಥ ಬದಲಾವಣೆಗಳು ಎಂದು ವಾದಿಸಿದರು. ಹಾಗಿದ್ದರೆ ಎರಡು ವಾನರಗಳ ವಂಶವಾಹಿಗಳಲ್ಲಿ ಕಾಣುವ ವ್ಯತ್ಯಾಸಗಳ ರಾಶಿಯಲ್ಲಿ, ನೈಸರ್ಗಿಕ ಆಯ್ಕೆ ಆರಿಸಿಕೊಂಡದ್ದು ಯಾವುದು, ಆಕಸ್ಮಿಕವಾಗಿ ಉಳಿದದ್ದು ಯಾವುದು ಎಂದು ಬೇರ್ಪಡಿಸುವುದು ಹೇಗೆ? ಮುಸುವ ಮತ್ತು ಆಕಳ ಕಥೆ ಮುಖ್ಯವಾಗುವುದು ಈ ಪ್ರಶ್ನೆಯ ಎದುರಿನಲ್ಲಿ.

ಎಲೆಯ ನಾರಾದ ಸೆಲ್ಯುಲೋಸನ್ನು ಒಡೆಯುವ ಕಿಣ್ವ ಆಕಳಿಗೂ ಇಲ್ಲ, ಮುಸುವಕ್ಕೂ ಇಲ್ಲ. ಎರಡೂ ಪ್ರಾಣಿಗಳು ಹೊಟ್ಟೆಯ ಮುಂಭಾಗದ ಚೀಲಗಳಲ್ಲಿ ಬ್ಯಾಕ್ಟೀರಿಯಾಗಳನ್ನು ಸಾಕಿಕೊಂಡು, ಅವುಗಳಿಂದ ಎಲೆಯನ್ನು ಹುಳಿಸುತ್ತವೆ. ಹೊಟ್ಟೆ ತುಂಬಿದ ಆ ಬ್ಯಾಕ್ಟೀರಿಯಾಗಳು ಆಹಾರದೊಡನೆ ಆಮ್ಲವಿರುವ ಮುಂದಿನ ಭಾಗಕ್ಕೆ ಸಾಗಿದಾಗ, ಅವುಗಳ ಕೋಶಭಿತ್ತಿಯನ್ನು ಒಡೆದು ಒಳಗಿನ ಸತ್ವವನ್ನು ಹೀರಿಕೊಂಡರೆ ಮಾತ್ರ ಸಾಕಿದ್ದು ಸಾರ್ಥಕ. ಆ ಕೆಲಸ ಮಾಡುವುದು ಲೈಸೋಝೈಮ್. ಇದು 1922ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ವಿವರಿಸಿದ, ನಮ್ಮ ಕಣ್ಣೀರು, ಜೊಲ್ಲುಗಳಲ್ಲಿ ಸೋಂಕಿನ ವಿರುದ್ಧ ಕಾವಲಿರುವ ಕಿಣ್ವವೇ. ಕಣ್ಣೀರಿನಲ್ಲಿ ಕಾವಲುಗಾರನಾಗಿದ್ದುದು ಈ ಪ್ರಾಣಿಗಳ ಹೊಟ್ಟೆಯಲ್ಲಿ ಅಡುಗೆಯವನಾಯಿತು. ಆದರೆ ಆಮ್ಲವೂ, ಪ್ರೋಟೀನುಗಳನ್ನು ಒಡೆಯುವ ಪೆಪ್ಸಿನ್ನೂ ಇರುವ ಜಾಗದಲ್ಲಿ ಕಣ್ಣೀರಿನ ಕಿಣ್ವ ಬಾಳುವುದಿಲ್ಲ. ಅಲ್ಲಿ ಬಾಳಬೇಕಾದರೆ ಅದರ ರಚನೆಯೇ ಬದಲಾಗಬೇಕು.

1987ರಲ್ಲಿ ಕೇರೋ-ಬೆತ್ ಸ್ಟೀವರ್ಟ್, ಜೇಮ್ಸ್ ಶಿಲ್ಲಿಂಗ್ ಮತ್ತು ಅದೇ ಆಲನ್ ವಿಲ್ಸನ್, ಹನುಮಾನ್ ಲಂಗೂರ್ ಎಂದು ಕರೆಯಲಾಗುವ ನಮ್ಮ ಮುಸುವದ ಹೊಟ್ಟೆಯ ಲೈಸೋಝೈಮಿನಲ್ಲಿ ಪ್ರೋಟೀನಿನ ಮಣಿಗಳಾದ ಅಮೈನೋ ಆಮ್ಲಗಳು ಪೋಣಿಸಿಕೊಂಡಿರುವ ಕ್ರಮವನ್ನು ಬಿಡಿಸಿ, ಬಬೂನ್ ಎಂಬ ಕೋತಿ, ಮನುಷ್ಯ, ಇಲಿ, ಆಕಳು, ಕುದುರೆಗಳ ಕಿಣ್ವದೊಂದಿಗೆ ಹೋಲಿಸಿದರು. ಮನುಷ್ಯನ ಲೈಸೋಝೈಮಿನಲ್ಲಿ 130 ಅಮೈನೋ ಆಮ್ಲಗಳಿವೆ. ಮುಸುವದ್ದು ಅದಕ್ಕಿಂತ 18 ಸ್ಥಾನಗಳಲ್ಲಿ ಮಾತ್ರ ಭಿನ್ನ. ಒಟ್ಟು ಲೆಕ್ಕದಲ್ಲಿ ಮುಸುವ ನಮಗೂ ಬಬೂನಿಗೂ ಹತ್ತಿರ, ಆಕಳಿಗೆ ದೂರ. ವಂಶವೃಕ್ಷ ಹೇಳುವುದೂ ಅದನ್ನೇ. ಆದರೆ 5 ಸ್ಥಾನಗಳಲ್ಲಿ ಮುಸುವ ಮತ್ತು ಆಕಳು, ಹೋಲಿಸಿದ ಬೇರೆ ಯಾವ ಪ್ರಾಣಿಯಲ್ಲೂ ಇಲ್ಲದ ಅಮೈನೋ ಆಮ್ಲಗಳನ್ನು ಹಂಚಿಕೊಂಡಿದ್ದವು. ಅವುಗಳ ಸಮಾನ ಪೂರ್ವಜ ಬದುಕಿದ್ದು 8 ಕೋಟಿ ವರ್ಷಗಳಿಗೂ ಹಿಂದೆ. ಹೀಗಾಗಿ ಇದು ಹಿರಿಯರಿಂದ ಬಂದ ಆಸ್ತಿಯಲ್ಲ, ಎರಡೂ ಬೇರೆಬೇರೆಯಾಗಿ ಗಳಿಸಿದ್ದು. ಜೊತೆಗೆ, ಮುಸುವದ ಕವಲಿನಲ್ಲಿ ಈ ಕಿಣ್ವ ಇತರ ವಾನರಗಳಿಗಿಂತ ಸುಮಾರು ಎರಡು ಪಟ್ಟು ವೇಗವಾಗಿ ಬದಲಾಗಿತ್ತು. ಮುಂದೆ 1994ರಲ್ಲಿ, ಎಲೆಯನ್ನು ಗಂಟಲಚೀಲದಲ್ಲಿ ಹುಳಿಸುವ ದಕ್ಷಿಣ ಅಮೆರಿಕದ ಹೊಆಟ್ಸಿನ್ ಎಂಬ ಹಕ್ಕಿಯ ಲೈಸೋಝೈಮಿನಲ್ಲೂ ಇದೇ ದಿಕ್ಕಿನ ಬದಲಾವಣೆಗಳು ಕಂಡುಬಂದವು. ಒಂದೇ ಕಷ್ಟಕ್ಕೆ ಮೂರು ವಂಶಗಳು ಒಂದನ್ನೊಂದು ಕೇಳದೆ ಒಂದೇ ಬಗೆಯ ಉತ್ತರ ಬರೆದಿರುವಾಗ, ಅದನ್ನು ಆಕಸ್ಮಿಕವೆನ್ನಲು ನನಗೆ ಕಾರಣ ಕಾಣುವುದಿಲ್ಲ.

1997ರಲ್ಲಿ ವಾಲ್ಟರ್ ಮೆಸಿಯರ್ ಮತ್ತು ಸ್ಟೀವರ್ಟ್ 24 ವಾನರ ಪ್ರಭೇದಗಳ ಲೈಸೋಝೈಮ್ ವಂಶವಾಹಿಗಳನ್ನು ಹೋಲಿಸಿ, ಪ್ರೋಟೀನನ್ನು ಬದಲಿಸುವ ಮತ್ತು ಬದಲಿಸದ ಡಿಎನ್ಎ ಬದಲಾವಣೆಗಳ ಅನುಪಾತವನ್ನು ಪ್ರತಿ ಕವಲಿನಲ್ಲೂ ಲೆಕ್ಕಹಾಕಿದರು. ಮೊದಲ ಬಗೆಯವು ಮಿತಿಮೀರಿದ್ದರೆ ಅಲ್ಲಿ ಆಯ್ಕೆ ನಡೆದಿದೆ ಎಂದರ್ಥ. ಎಲೆತಿನ್ನುವ ಕೋತಿಗಳ ಪೂರ್ವಜರಲ್ಲಿ ಅದು ನಿರೀಕ್ಷೆಯಂತೆ ಕಂಡಿತು. ಮನುಷ್ಯ, ಚಿಂಪಾಂಜಿ, ಗಿಬ್ಬನ್‌ಗಳ ಸಮಾನ ಪೂರ್ವಜರ ಕವಲಿನಲ್ಲೂ ಅಂಥದೇ ಒಂದು ಹಂತ ಕಂಡುಬಂದದ್ದು ಮಾತ್ರ ಯಾರೂ ನಿರೀಕ್ಷಿಸಿರದ ಸಂಗತಿ. 

ಮನುಷ್ಯನ ವಿಷಯಕ್ಕೆ ಬಂದಾಗ ಸಾಕ್ಷ್ಯ ಇಷ್ಟು ಗಟ್ಟಿಯಾಗಿ ಸಿಗುವುದು ಅಪರೂಪ. 2005ರಲ್ಲಿ ಚಿಂಪಾಂಜಿಯ ಜೀನೋಮ್, ಅಂದರೆ ಅದರ ಡಿಎನ್ಎಯ ಪೂರ್ಣ ಬರಹ, ಪ್ರಕಟವಾದಾಗ, ಹೋಲಿಸಬಹುದಾದ ಭಾಗಗಳಲ್ಲಿ ನಮಗೂ ಅದಕ್ಕೂ ಒಂಟಿ ಅಕ್ಷರಗಳ ವ್ಯತ್ಯಾಸ ಸುಮಾರು ಶೇ. 1.23 ಮಾತ್ರ ಎಂದು ತಿಳಿಯಿತು. ಮಾತಿಗೆ ಸಂಬಂಧಿಸಿದ ಫಾಕ್ಸ್‌ಪಿ2 ವಂಶವಾಹಿ ಕಳೆದ 2 ಲಕ್ಷ ವರ್ಷಗಳೊಳಗೆ ಆಯ್ಕೆಗೊಳಗಾಗಿದೆ ಎಂಬ 2002ರ ವಾದ ಪತ್ರಿಕೆಗಳಲ್ಲಿ ಬಹಳ ಮೆರೆಯಿತು. ಆದರೆ 2007ರಲ್ಲಿ, ಅದಕ್ಕೂ ಹಿಂದೆಯೇ ನಮ್ಮಿಂದ ಕವಲೊಡೆದು ಈಗ ಅಳಿದುಹೋಗಿರುವ ನಿಯಾಂಡರ್ಥಾಲ್ ಮಾನವರಲ್ಲೂ ಅದೇ ರೂಪ ಸಿಕ್ಕಿತು. 2018ರಲ್ಲಿ ಹೆಚ್ಚು ಜನರ ಜೀನೋಮುಗಳನ್ನು ಪರೀಕ್ಷಿಸಿದಾಗ ಇತ್ತೀಚಿನ ಆಯ್ಕೆಯ ಗುರುತೇ ಕಾಣಲಿಲ್ಲ. ಪುನರಾವರ್ತನೆಯಾಗದ ಒಂದೇ ಘಟನೆಯಿಂದ ತೀರ್ಮಾನಕ್ಕೆ ಬರುವುದರ ಅಪಾಯ ಇದು. ಅದಕ್ಕಿಂತ ಭದ್ರವಾದ ಉದಾಹರಣೆ ನಮ್ಮ ಜೋಳದ ರೊಟ್ಟಿಯ ತಾಟಿನಲ್ಲಿದೆ: ಪಿಷ್ಟವನ್ನು ಬಾಯಲ್ಲೇ ಒಡೆಯುವ ಜೊಲ್ಲಿನ ಅಮೈಲೇಸ್ ವಂಶವಾಹಿಯ ಪ್ರತಿಗಳು ಚಿಂಪಾಂಜಿಯಲ್ಲಿ 2 ಇದ್ದರೆ ಮನುಷ್ಯರಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು, ಮತ್ತು ಪಿಷ್ಟವನ್ನು ಹೆಚ್ಚು ತಿನ್ನುವ ಸಮುದಾಯಗಳಲ್ಲಿ ಸರಾಸರಿ ಇನ್ನೂ ಹೆಚ್ಚು ಎಂದು 2007ರ ಅಧ್ಯಯನ ತೋರಿಸಿತು.

2023ರಲ್ಲಿ 233 ವಾನರ ಪ್ರಭೇದಗಳ 809 ಪ್ರಾಣಿಗಳ ಜೀನೋಮುಗಳನ್ನು ಒಟ್ಟಿಗೆ ಪ್ರಕಟಿಸಲಾಯಿತು. ಅದರ ಮೊದಲ ಬಳಕೆಗಳಲ್ಲಿ ಒಂದು ರೋಗನಿರ್ಣಯಕ್ಕೆ ಸೇರಿದ್ದು. ರೋಗಿಯ ವಂಶವಾಹಿಯಲ್ಲಿ ಅಪರೂಪದ ಬದಲಾವಣೆಯೊಂದು ಕಂಡಾಗ, ಅದೇ ಬದಲಾವಣೆ ಕಾಡಿನಲ್ಲಿ ಆರೋಗ್ಯವಾಗಿ ಬದುಕುವ ಯಾವುದಾದರೂ ವಾನರದಲ್ಲಿ ಸಾಮಾನ್ಯವಾಗಿದ್ದರೆ, ರೋಗದ ಕಾರಣವನ್ನು ಬಹುತೇಕ ಬೇರೆಡೆ ಹುಡುಕಬೇಕಾಗುತ್ತದೆ.